ನಿಮ್ಮವ್ವಗ ಹೇಳು

ಕಳೆದ ವಾರ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಮತ್ತು ಸೋದರಮಾವ ಬಹಳ ಹೊತ್ತು ಮಾತಾಡಿದರು. ಒಬ್ಬರಿಗೊಬ್ಬರು ಅಲ್ಲ, ನನ್ನ ಜೊತೆ.

"ನಿಮ್ಮವ್ವಗ ಹೇಳು, ಲಕ್ಷ್ಮೇಶ್ವರದಾಗ ಮಳಿ ಚಲೋ ಆಗೇತಿ ಅಂತ."

"ನಿಮ್ಮ ಮಾವಗ ಹೇಳು, ಮಳಿ ಸುದ್ದಿ ಟೀವ್ಯಾಗೂ ಬರತೈತಿ ಅಂತ."

ಇಬ್ಬರ ಕಿವಿಗಳೂ ಚೆನ್ನಾಗಿವೆ. ಇಬ್ಬರ ನಡುವೆ ಇದ್ದದ್ದು ಒಂದು ಟೀಪಾಯಿ ಮತ್ತು ನಾನು.

ಜಗಳಕ್ಕೆ ಕಾರಣ ನಾಗರ ಪಂಚಮಿ. ನಮ್ಮ ಕಡೆ ಈ ಹಬ್ಬಕ್ಕೆ ಅಣ್ಣನೋ ತಮ್ಮನೋ ಮನೆಗೆ ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಹೆಣ್ಣುಮಕ್ಕಳು ತವರಿಗೆ ಹೋಗುವುದಿಲ್ಲ. ಮದುವೆಯಾದಾಗಿನಿಂದ ಅವ್ವ ಒಂದು ಪಂಚಮಿಯನ್ನೂ ತವರು ಲಕ್ಷ್ಮೇಶ್ವರ ಬಿಟ್ಟು ನಮ್ಮ ಬೆಟಗೇರಿಯಲ್ಲಿ ಕಳೆದವಳಲ್ಲ. ಈ ವರ್ಷ ಮಾವ ಆಧುನಿಕರಾದರು. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದರು: "ಎಲ್ಲಾರೂ ಪಂಚಮಿಗೆ ಬರ್ರಿ."

"ಎಲ್ಲಾರೂ ಅಂದ್ರ ಯಾರು?" ಅಂದಳು ಅವ್ವ. "ಆ ಗ್ರೂಪಿನ್ಯಾಗ ಗ್ಯಾಸ್ ಸಿಲಿಂಡರಿನವನೂ ಅದಾನ."

(ಇದು ನಿಜ. ಅವನನ್ನು ಯಾರು ಸೇರಿಸಿದರೋ ಗೊತ್ತಿಲ್ಲ. ಆದರೆ ಹಬ್ಬಕ್ಕೆ ಬರುತ್ತೇನೆಂದು ಮೊದಲು ಉತ್ತರಿಸಿದವನು ಅವನೇ.)

ಅವ್ವ ಉತ್ತರಿಸಲಿಲ್ಲ. ಅವಳು ಮೆಸೇಜ್ ಕೇಳಿಸಿಕೊಂಡಿದ್ದಾಳೆ ಎಂಬುದಕ್ಕೆ ನೀಲಿ ಗುರುತು ಸಾಕ್ಷಿ ಹೇಳಿತು. ಮಾವ ನನಗೆ ಫೋನ್ ಮಾಡಿದರು.

"ಕೇಳಿಸ್ಕೊಂಡು ಸುಮ್ನ ಕುಂತಾಳಲ್ಲವಾ. ತಮ್ಮನ ಮನಿ ಬ್ಯಾಡಾಗೇತೇನ ಆಕಿಗೆ? ನಾ ಕೇಳಿದ್ದು ಹೇಳಬ್ಯಾಡ ಮತ್ತ."

ಅತ್ತ ಅವ್ವ: "ಅವಾ ಬಂದು ಕರೀದಿದ್ರ ನಾ ಹೆಂಗ ಹೋಗ್ಲಿ? ಇದನ್ನ ಅವಗ ಹೇಳಬ್ಯಾಡ."

ತಲುಪಿಸಬಾರದು ಎಂಬ ಷರತ್ತಿನ ಮೇಲೆ ಪಾರ್ಸೆಲ್ ತೆಗೆದುಕೊಳ್ಳುವ ಕೊರಿಯರ್ ಸರ್ವಿಸ್ ಎಲ್ಲಿಯಾದರೂ ಇದೆಯೇ? ನಮ್ಮ ಮನೆಯಲ್ಲಿದೆ.

ಹೊಟ್ಟೆಪಾಡಿಗೆ ನಾನು ಕಾಲೇಜಿನಲ್ಲಿ ಕಮ್ಯುನಿಕೇಶನ್ ಸ್ಕಿಲ್ಸ್ ಕಲಿಸುತ್ತೇನೆ. ಸ್ಲೈಡಿನಲ್ಲಿ ಹೇಳುವವರು ಒಂದು ಕಡೆ, ಕೇಳುವವರು ಒಂದು ಕಡೆ, ನಡುವೆ ನೆಟ್ಟಗಿನ ಬಾಣ. ಆ ಬಾಣ ಹಾಕಿದವರಿಗೆ ತಮ್ಮಂದಿರು ಇರಲಿಲ್ಲವೇನೋ.

ಹೋಗುವುದಿಲ್ಲ ಎಂದ ಅವ್ವನ ಇಳಕಲ್ ಸೀರೆ ಮಾತ್ರ ಇಸ್ತ್ರಿಗೆ ಹೋಗಿ ಬಂತು. ಕಪಾಟಿನ ಮೇಲಿದ್ದ ಚೀಲ ಕೆಳಗಿಳಿಯಿತು. ಹೊರಗೆ ಯಾವ ಬೈಕ್ ನಿಂತರೂ ಅವ್ವ ಕಿಟಕಿಗೆ ಬರುತ್ತಿದ್ದಳು. ಯಾರೂ ಅಲ್ಲ ಎಂದಾಗ ಪರದೆಯ ಧೂಳು ಕೊಡವುತ್ತಿದ್ದಳು. ಆ ವಾರ ನಮ್ಮ ಪರದೆಗಳು ಬಹಳ ಸ್ವಚ್ಛವಾಗಿದ್ದವು.

ಕೊನೆಗೆ ಮಾವ ಬಂದರು. ಕರೆಯಲು ಅಲ್ಲವಂತೆ. "ಟ್ರ್ಯಾಕ್ಟರ್ ಸಾಮಾನು ಬೇಕಾಗಿತ್ತು, ಗದಗಿಗೆ ಬಂದಿದ್ದೆ." ಗರಿಗರಿ ಬಿಳಿ ಧೋತರ ಉಟ್ಟು, ಕೈಯಲ್ಲಿ ಶೇಂಗಾದ ಉಂಡಿಯ ಡಬ್ಬಿ ಹಿಡಿದು ಟ್ರ್ಯಾಕ್ಟರ್ ಸಾಮಾನು ಕೊಳ್ಳಲು ಯಾರು ಹೋಗುತ್ತಾರೆ?

ಪಡಸಾಲೆಯಲ್ಲಿ ಮಳೆಯ ಮಾತು ಮುಗಿಯಿತು. ಹೆಸರಿನ ಬೆಳೆಯ ಮಾತೂ ಮುಗಿಯಿತು.

"ನಿಮ್ಮವ್ವಗ ಹೇಳು, ಜೋಕಾಲಿ ಕಟ್ಟೇವಿ ಅಂತ."

"ನಿಮ್ಮ ಮಾವಗ ಹೇಳು, ಗ್ಯಾಸಿನವಾ ಬರ್ತಾನಂತ, ಅವನ್ನ ಕುಂಡ್ರಿಸಿ ತೂಗು ಅಂತ."

ನಾನು ಎದ್ದು ಹಿತ್ತಲಿಗೆ ಹೋದೆ. ಸಿಟ್ಟಿನಿಂದಲ್ಲ. ಸಾಕಾಗಿತ್ತು, ಅಷ್ಟೇ.

ಒಳಗೆ ಹೇಳಿಕಳಿಸಲು ಯಾರೂ ಉಳಿದಿರಲಿಲ್ಲ. ಆಮೇಲೆ ಮಾವ ಕೆಮ್ಮಿದರು.

"ಅಕ್ಕಾ, ಬಸ್ಸಿನ ಟೈಮ್ ಆತು. ನಡಿ."

"ಇಷ್ಟ ಹೇಳಾಕ ಇಷ್ಟು ದಿನ ಬೇಕಾತೇನಲೇ? ಹೊಸ್ತಿಲಿಗೆ ಬಂದು ಕರಿಯೂದು ಬಿಟ್ಟು ಫೋನಿನ್ಯಾಗ ಕರೀತಿ. ನಾಳೆ ಉಂಡೀನೂ ಫೋನಿನ್ಯಾಗ ಕಳಸ್ತಿ."

"ತಪ್ಪಾತು. ನೀನರ ಬರ್ತೀನಿ ಅಂತ ಒಂದು ಮಾತು ಅನಬೇಕಿಲ್ಲ? ನೀ ಬರೂದಿಲ್ಲಂತ ತಿಳ್ಕೊಂಡು ಮನ್ಯಾಗ ಯಾರಿಗೂ ಹಬ್ಬ ಬ್ಯಾಡಾಗಿತ್ತು."

ಅವ್ವ ಮೂಗು ಒರೆಸಿಕೊಂಡ ಸದ್ದು ಕೇಳಿತು. ಸಂವಹನದ ಅಡೆತಡೆ ನಿವಾರಣೆಯಾಗಿತ್ತು (ಅದು ಹಿತ್ತಲಲ್ಲಿ ಪಾತ್ರೆಗಳ ಪಕ್ಕ ನಿಂತಿತ್ತು).

ನಗಬೇಡಿ. ನಿಮ್ಮ ಆಫೀಸಿನಲ್ಲಿ "ಸಾಹೇಬ್ರಿಗೆ ನೀವ ಒಂದು ಮಾತು ಹೇಳಿಬಿಡ್ರಿ" ಅನ್ನುವವರಿಲ್ಲವೇ? ಸೊಸೆಗೆ ಹೇಳಬೇಕಾದದ್ದನ್ನು ಮೊಮ್ಮಗುವಿಗೆ ಹೇಳುವ ಅತ್ತೆಯಂದಿರಿಲ್ಲವೇ? ನಡುವೆ ಒಬ್ಬರು ಸಿಕ್ಕರೆ ನಮಗೆ ನೇರವಾಗಿ ಮಾತಾಡುವ ಕಷ್ಟವಿಲ್ಲ. ಮೊದಲು ಸೋತವರಾಗುವ ಭಯವೂ ಇಲ್ಲ.

ಅವ್ವ ಚೀಲ ಹಿಡಿದು ಹೊರಟಳು. ಬಾಗಿಲಲ್ಲಿ ನನ್ನತ್ತ ತಿರುಗಿದಳು.

"ನಿಮ್ಮಪ್ಪಗ ಹೇಳು, ನಾ ತವರಮನಿಗೆ ಹೋಗಿ ಬರ್ತೀನಿ ಅಂತ."

ಅಪ್ಪ ಅದೇ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಪೇಪರಿನಿಂದ ತಲೆ ಎತ್ತಲಿಲ್ಲ.

"ಜ್ವಾಕಿ ಹೋಗಿ ಬಾ ಅಂತ ಹೇಳು ಆಕಿಗೆ," ಅಂದರು, ನನಗೆ.

ಈಗ ನಾನು ಎದ್ದು ಎಲ್ಲಿಗೆ ಹೋಗಲಿ?