ಮಾಸ್ತರರ ಎಡಗಾಲು

ಕಾರು ಯಾರದೇ ಇರಲಿ, ಪಕ್ಕದ ಸೀಟಿನಲ್ಲಿ ಕೂತ ನಮ್ಮ ಡ್ರೈವಿಂಗ್ ಮಾಸ್ತರರ ಎಡಗಾಲು ಸುಮ್ಮನಿರುತ್ತಿರಲಿಲ್ಲ. ಗೇರು ಬದಲಿಸುವ ಹೊತ್ತಿಗೆ ಸರಿಯಾಗಿ ನೆಲ ಒತ್ತುತ್ತಿತ್ತು. ಕಲಿಸುವ ಕಾರಿನಲ್ಲಿ ಅವರ ಕಾಲಬುಡಕ್ಕೂ ಒಂದು ಕ್ಲಚ್ಚು ಇತ್ತಲ್ಲ, ಆ ಚಾಳಿ ರಿಕ್ಷಾದಲ್ಲಿ ಕೂತರೂ ಬಿಡಲಿಲ್ಲ. ನಮ್ಮ ಕೇಶ್ವಾಪುರ ಬಡಾವಣೆಯ ಅರ್ಧ ಹೆಣ್ಣುಮಕ್ಕಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಘಮಘಮ ಅತ್ತರು, ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಮೇಲಿನ ದನಿ. ತಮ್ಮ ಶಿಷ್ಯರು ತಪ್ಪು ಮಾಡುವುದೇ ಇಲ್ಲವೆಂಬ ಜಂಬ ಬೇರೆ. ಆ ಜಂಬದಿಂದಲೇ ನನಗೆ ಉಪಕಾರವಾಯಿತು.

ನಾನು ಮನೆಯಲ್ಲಿ ಜೋಳದ ರೊಟ್ಟಿ ಮಾಡಿ, ದಿನಾ ನಮ್ಮ ಹಳೆಯ ಕಾರಿನಲ್ಲಿ ಧಾರವಾಡದ ಖಾನಾವಳಿಗಳಿಗೆ ಮುಟ್ಟಿಸುತ್ತೇನೆ. ಒಮ್ಮೆ ಆ ಕಾರು ಹಟ ಹಿಡಿಯಿತು. ಗೇರು ಏರಿಸುವಾಗ ಬೆಣ್ಣೆಯಂತೆ ಬೀಳುತ್ತಿತ್ತು. ನಿಧಾನ ಮಾಡಿ ಮೂರರಿಂದ ಎರಡಕ್ಕೆ ಇಳಿಸಲು ಹೋದರೆ ಮಾತ್ರ ಅಲ್ಲೇ ತಡೆದು, ಕರ್ರ್ ಅಂದು, ಒಲ್ಲದ ಮನಸ್ಸಿನಿಂದ ಬೀಳುತ್ತಿತ್ತು. ನವನಗರದ ಸಿಗ್ನಲ್ಲಿನಲ್ಲಿ ಹಿಂದಿನವರ ಹಾರ್ನು ಕೇಳಿ ಕೇಳಿ ಸಾಕಾಯಿತು. ಗ್ಯಾರೇಜಿನವರು ತಾವೇ ಒಂದು ಸುತ್ತು ಓಡಿಸಿ ನೋಡಿದರು. ಅವರ ಕೈಯಲ್ಲಿ ಅದು ಒಮ್ಮೆಯೂ ತಡೆಯಲಿಲ್ಲ. ಕಾರಿಗೇನೂ ಆಗಿಲ್ಲ, ನಿನ್ನ ಕೈಯೇ ಸರಿಯಿಲ್ಲ, ದೀಪಾವಳಿಗೆ ಮಾರಿಬಿಡೋಣ ಎಂದರು ನಮ್ಮ ಮನೆಯವರು. ಕಾರು ಹೋದರೆ ನನ್ನ ರೊಟ್ಟಿ ವ್ಯಾಪಾರವೂ ಹೋದಂತೆ. ಸಿಟ್ಟು ಬಂತು, ಅಳುವೂ ಬಂತು.

ಮಾಸ್ತರರಿಗೆ ಹೇಳಿದರೆ ನನಗಿಂತ ಅವರಿಗೇ ಹೆಚ್ಚು ಅವಮಾನವಾಯಿತು.

“ನನ್ನ ಕೈಯಾಗ ಕಲ್ತಾಕಿ ಗೇರ್ ತಪ್ಪಂಗಿಲ್ಲ. ನಡಿ ತಂಗಿ, ನೋಡೂಣು.”

ಇಳಿಸುವಾಗ ಮಾತ್ರ ತಡೆಯುತ್ತದೆಯೇ, ಗ್ಯಾರೇಜಿನವರಿಗೆ ಒಮ್ಮೆಯೂ ತಡೆಯಲಿಲ್ಲವೇ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಪಕ್ಕದಲ್ಲಿ ಕೂತರು. ಉಣಕಲ್ ಕೆರೆಯವರೆಗೆ ಓಡಿಸಿದೆ. ಅಲ್ಲಿ ಬ್ರೇಕ್ ಹಾಕಿ, ಕ್ಲಚ್ಚು ಒತ್ತಿ, ಎರಡಕ್ಕೆ ಎಳೆದೆ. ತಡೆಯಿತು. ಅಷ್ಟರಲ್ಲಿ ಅವರ ಎಡಗಾಲು ಎಂದಿನಂತೆ ನೆಲ ಒತ್ತಿತ್ತು. ಒಮ್ಮೆ ತಮ್ಮ ಕಾಲು ನೋಡಿದರು, ಒಮ್ಮೆ ನನ್ನದು.

“ನಂದು ನೆಲಾ ಮುಟ್ಟೈತಿ, ನಿಂದು ಮುಟ್ಟಿಲ್ಲ. ಗಾಡಿ ಬಾಜೂಕ ಹಚ್ಚು, ಕಾಲು ಹಂಗ ಇರ್ಲಿ.”

ಕಾರು ನಿಂತ ಮೇಲೆ ಬಗ್ಗಿ, ನನ್ನ ಕ್ಲಚ್ಚಿನ ಕೆಳಗಿನಿಂದ ಎಳೆದು ತೆಗೆದದ್ದು ನನ್ನದೇ ಚಪ್ಪಲಿ.

ಆ ಸಲದ ದಸರೆಗೆ ಕಾರಿನ ಪೂಜೆಯಾದ ದಿನ ನಮ್ಮ ಅತ್ತೆ, ಇದು ಲಕ್ಷ್ಮಿ, ಚಪ್ಪಲಿ ಮೆಟ್ಟಿ ತುಳಿಯಬೇಡ ಎಂದಿದ್ದರು. ಅಂದಿನಿಂದ ಚಪ್ಪಲಿ ಬಿಟ್ಟು, ಸೀಟಿನ ಕೆಳಗೆ ಸರಿಸಿ, ಬರಿಗಾಲಲ್ಲೇ ಓಡಿಸುತ್ತಿದ್ದೆ. ಬ್ರೇಕ್ ಹಾಕಿದಾಗ ಅವು ಮುಂದೆ ಜಾರಿ ಕ್ಲಚ್ಚಿನಡಿ ಸೇರುತ್ತಿದ್ದವು, ವೇಗ ಹೆಚ್ಚಿದಾಗ ಹಿಂದೆ ಹೋಗುತ್ತಿದ್ದವು. ಕ್ಲಚ್ಚು ಪೂರ್ತಿ ಒತ್ತದಿದ್ದರೆ ಗೇರು ಬೀಳುವುದಾದರೂ ಹೇಗೆ? ಗ್ಯಾರೇಜಿನವರು ಓಡಿಸಿದಾಗ ಚಪ್ಪಲಿ ನನ್ನ ಕಾಲಲ್ಲಿತ್ತು, ನಾನು ಗ್ಯಾರೇಜಿನ ಬಾಗಿಲಲ್ಲಿದ್ದೆ.

ಇನ್ನು ಮೇಲೆ ಚಪ್ಪಲಿ ಹಾಕಿಕೊಂಡೇ ಓಡಿಸು ಅನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ.

“ನಿಮ್ಮ ಅತ್ತಿಯವರು ಹೇಳಿದ್ದು ಹಂಗ ನಡೀಲಿ. ಚಪ್ಪಲಿಗೆ ಒಂದು ಮನಿ ಮಾಡೂಣು.”

ಮರುದಿನ ಮುಚ್ಚಳವಿದ್ದ ಒಂದು ಬಿಸ್ಕಿಟ್ ಡಬ್ಬಿ ತಂದು ಹಿಂದಿನ ಸೀಟಿನ ಬುಡದಲ್ಲಿ ಅಲುಗದಂತೆ ಕಟ್ಟಿದರು. ಆಮೇಲೆ ಚಹಾ ಕುಡಿಯುತ್ತ, ನನ್ನ ಕೈ ಎಷ್ಟು ಛಲೋ ಇದೆ ಎಂದು ನಮ್ಮ ಮನೆಯವರಿಗೆ ಪಾಠ ಮಾಡಿದರು. ದೀಪಾವಳಿಗೆ ಕಾರು ಮಾರಲಿಲ್ಲ. ಅದಕ್ಕೆ ಮತ್ತೆ ಪೂಜೆಯಾಯಿತು.

ಹೋದ ವರ್ಷ ಮಾಸ್ತರರಿಗೆ ಎದೆ ನೋವು ಬಂದಾಗ ಅವರು ನನ್ನನ್ನೇ ಕರೆಸಿದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಧಾರವಾಡದ ಆಸ್ಪತ್ರೆಗೆ ಹೊರಟೆ. ನವನಗರದ ಸಿಗ್ನಲ್ಲಿನಲ್ಲಿ ಎರಡಕ್ಕೆ ಇಳಿಸುತ್ತ ಅವರ ಎಡಗಾಲು ನೋಡಿದೆ. ಅಲುಗಲಿಲ್ಲ. ನನಗೆ ಜೀವವೇ ಹಾರಿಹೋಯಿತು. ಕಾಲು ನೋಯಾಕತ್ತೈತೇನ್ರಿ ಎಂದು ಕೇಳಿದೆ.

“ಇಲ್ಲವ್ವಾ. ನೀ ಬರೋಬ್ಬರಿ ಒತ್ತಾಕತ್ತಿ. ನಾ ಯಾಕ ಒತ್ತಲಿ?”

ಆಸ್ಪತ್ರೆಯಿಂದ ಅವರು ಮರಳಲಿಲ್ಲ. ರೊಟ್ಟಿಗಳು ಇವತ್ತಿಗೂ ಧಾರವಾಡ ಮುಟ್ಟುತ್ತವೆ. ಬುಟ್ಟಿಗಳನ್ನೆಲ್ಲ ಹಿಂದೆಯೇ ಒತ್ತೊತ್ತಾಗಿ ಇಡುತ್ತೇನೆ. ನನ್ನ ಪಕ್ಕದ ಸೀಟಿನ ಮೇಲೆ ಏನನ್ನೂ ಇಡುವುದಿಲ್ಲ.