ಓಡುತ್ತಿದ್ದ ಅರುಂಧತಿ

ನನ್ನ ಮದುವೆ ನಡೆದದ್ದು ಜಯನಗರದ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ, ಅರವತ್ತರ ದಶಕದ ಒಂದು ವೈಶಾಖದಲ್ಲಿ. ಆಗ ಬೀದಿದೀಪ ಕಡಿಮೆ, ಆಕಾಶ ಧಾರಾಳ. ಸಂಜೆ ಪುರೋಹಿತರು ನಮ್ಮಿಬ್ಬರನ್ನೂ ಹೊರಗೆ ಕರೆತಂದು ಅರುಂಧತಿ ನಕ್ಷತ್ರದ ಕಡೆ ಬೆರಳು ತೋರಿಸಿದರು. ಕಾಣಲಿ ಬಿಡಲಿ, "ಕಾಣಿಸ್ತು" ಎಂದುಬಿಡುವುದು ಮದುಮಗಳ ಮರ್ಯಾದೆ. ಬಿ.ಎಸ್ಸಿ. ಓದಿದ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಓಡ್ತಾ ಇದೆಯಲ್ಲ," ಎಂದೆ.

ನಿಜಕ್ಕೂ ಅವರ ಬೆರಳಿನ ನೇರಕ್ಕೆ ಒಂದು ಚುಕ್ಕಿ ಸದ್ದಿಲ್ಲದೆ ಸಾಗುತ್ತಿತ್ತು. ಅಮ್ಮನ ಮುಖ ಬಿಳಿಚಿಕೊಂಡಿತು. ಮದುಮಗ ಸೈನ್ಯದವರು, ರಜೆ ಮುಗಿದೊಡನೆ ಗಡಿಗೆ ಹೊರಡಬೇಕಾದವರು. ಅಂಥವರ ಮದುವೆಯಲ್ಲಿ ಅರುಂಧತಿಯೇ ಜಾಗ ಬಿಟ್ಟರೆ?

"ಅದು ಉಪಗ್ರಹ ಅತ್ತೆ, ನಕ್ಷತ್ರ ಅಲ್ಲ," ಎಂದು ಅವರೇ ಸಮಾಧಾನ ಹೇಳಿದರು.

"ಏನಾದ್ರೂ ಆಗ್ಲಿ, ಕೈ ಮುಗಿದುಬಿಡಮ್ಮ," ಎಂದ ಪುರೋಹಿತರು ಮಂತ್ರ ಮುಂದುವರಿಸಿದರು.

ನನಗೆ ಕುತೂಹಲ ತಡೆಯಲಿಲ್ಲ. ಮರುದಿನ ಊಟವಾದ ಮೇಲೆ ವೀಳ್ಯದೆಲೆಯ ತಟ್ಟೆಯನ್ನು ನಮ್ಮ ಯಜಮಾನರ ಮುಂದಿಟ್ಟು ಕೇಳಿದೆ. "ಅಷ್ಟು ಎತ್ತರದಿಂದ ಅದು ಏನು ನೋಡತ್ತೆ?"

"ಎಲ್ಲವೂ ನೋಡಲ್ಲ. ಕೆಲವದರಲ್ಲಿ ಕ್ಯಾಮೆರಾ ಇರತ್ತಂತೆ. ರಸ್ತೆ, ವಿಮಾನ, ಡೇರೆ ಎಲ್ಲಾ ಲೆಕ್ಕ ಹಾಕ್ತಾರಂತೆ."

"ನಿಮ್ಮ ಡೇರೆನೂ?"

"ನಮ್ಮದೂ, ಎದುರಿನವರದೂ."

"ಹಾಗಾದ್ರೆ ಯುದ್ಧ ಕಡಿಮೆ ಆಗಬೇಕಲ್ವಾ? ಯಾರ ಹತ್ರ ಏನಿದೆ ಅಂತ ಗೊತ್ತಿದ್ರೆ ಸುಮ್ಮಸುಮ್ಮನೆ ಹೆದರೋದು ತಪ್ಪತ್ತೆ."

ಅವರು ಎಲೆಗೆ ಸುಣ್ಣ ಸವರಿದರು. "ಹೆದರೋದು ತಪ್ಪಬಹುದು. ಆದ್ರೆ ಎಲ್ಲಿ ಹೊಡೀಬೇಕು ಅನ್ನೋದೂ ಗೊತ್ತಾಗತ್ತಲ್ಲ."

ಉತ್ತರ ನನಗೆ ಇಷ್ಟವಾಗಲಿಲ್ಲ, ಮನುಷ್ಯ ಇಷ್ಟವಾದರು. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಹಾರಿಸಿಬಿಡಲಿಲ್ಲವಲ್ಲ.

ವಾರದೊಳಗೆ ಅವರು ಹೊರಟರು. ಪತ್ರಗಳು ಬರತೊಡಗಿದವು. ಚಳಿಯ ವಿಷಯ, ಸಪ್ಪೆ ಬೇಳೆಯ ವಿಷಯ ಧಾರಾಳವಾಗಿ ಇರುತ್ತಿತ್ತು. ಊರಿನ ಹೆಸರು ಬಂದ ಕಡೆಯೆಲ್ಲ ಸೆನ್ಸಾರಿನವರ ಕಪ್ಪು ಮಸಿ. ಕಾಗದವನ್ನು ಕಿಟಕಿಯ ಬಿಸಿಲಿಗೆ ಹಿಡಿದೆ, ತಿರುಗಿಸಿ ನೋಡಿದೆ, ಕಾಗದದ ಹಿಂಬದಿಗೆ ಬೆರಳಾಡಿಸಿ ಅಕ್ಷರದ ಗುರುತು ಹುಡುಕಿದೆ. ಎಲ್ಲಿದ್ದಾರೆ ಎಂಬುದು ಮಾತ್ರ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ರೇಡಿಯೊದವರು ಗಡಿಯ ಯಾವುದೋ ಜಾಗದ ಹೆಸರು ಹೇಳಿ, ಅಲ್ಲಿ ಗುಂಡು ಹಾರಿದೆ ಎಂದರು. ಅಮ್ಮ ಒಗ್ಗರಣೆ ಸೌಟು ಕೆಳಗಿಟ್ಟು ಕೇಳಿದಳು, "ನಿನ್ನ ಗಂಡ ಇರೋದು ಅಲ್ಲೇನೇ?"

ಮೈಯೆಲ್ಲ ಸಿಟ್ಟು.

"ಮೇಲಿಂದ ಫೋಟೊ ತೆಗೆಯೋರನ್ನ ಕೇಳಮ್ಮ," ಎಂದೆ. "ಅವರಿಗೆ ಗೊತ್ತಿರತ್ತೆ. ನಾನು ಬರೀ ಹೆಂಡತಿ."