ಸಾಕ್ಷಿಗೆ ಕೇಳಬೇಕಾದ ಮಾತು

ನಮ್ಮ ನಿಕಾಹ್‌ನಲ್ಲಿ ಹುಡುಗಿಯ ತಂದೆ ಮದುಮಗನ ಬಲಗೈ ಹಿಡಿದು, ಮಗಳನ್ನು ಕೊಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಮದುಮಗ ಒಪ್ಪಿದ್ದೇನೆ ಎನ್ನಬೇಕು. ಈ ಎರಡು ಮಾತನ್ನೂ ಇಬ್ಬರು ಸಾಕ್ಷಿಗಳು ತಮ್ಮ ಕಿವಿಯಿಂದ ಕೇಳಿರಬೇಕು. ತಂದೆಗೆ ಆಗದಿದ್ದರೆ ನಿಕಾಹ್ ನಡೆಸುವ ಉಸ್ತಾದರಿಗೆ ವಕಾಲತ್ತು ಕೊಡಬಹುದು, ಆಗ ತಂದೆಯ ಬದಲು ಅವರೇ ಹೇಳುತ್ತಾರೆ. ಹಾಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ಕುಂದೇನೂ ಇಲ್ಲ. ನನ್ನ ಭಾವ ಮಾತ್ರ ಒಪ್ಪಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಡಂತ್ಯಾರಿನಲ್ಲಿ ಅವರದು ಬಟ್ಟೆ ಅಂಗಡಿ. ಪಾರ್ಕಿನ್ಸನ್ ಕಾಯಿಲೆ ಮೊದಲು ಅವರ ಕತ್ತರಿ ಹಿಡಿಯುವ ಕೈಯನ್ನು ನಿಧಾನ ಮಾಡಿತು, ಆಮೇಲೆ ಸ್ವರವನ್ನು ಇಳಿಸಿತು, ಕೊನೆಗೆ ಮುಖವನ್ನು ಅಲುಗಾಡದಂತೆ ಮಾಡಿತು. ಮುಖ ಅಲುಗದ ಮನುಷ್ಯನಿಗೆ ಬುದ್ಧಿಯೂ ಹೋಗಿದೆ ಎಂದು ಜನ ತಿಳಿಯುತ್ತಾರೆ. ಗಿರಾಕಿಗಳು ಅವರ ಎದುರೇ ನಿಂತು ನನ್ನಲ್ಲಿ, "ಇವರಿಗೆ ಹೇಳಿದ್ದು ಗೊತ್ತಾಗ್ತದಾ?" ಎಂದು ಕೇಳಿದ್ದುಂಟು. ಅವರಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಮಗಳ ನಿಕಾಹ್ ನಿಶ್ಚಯವಾದ ದಿನ ಅವರು ಹೇಳಿದ್ದು ಇಷ್ಟೇ: ಆ ಒಂದು ವಾಕ್ಯವನ್ನು ಯಾರೂ ನನ್ನ ಬದಲಿಗೆ ಹೇಳುವುದು ಬೇಡ. ಸಾಕ್ಷಿಗಳಲ್ಲಿ ಒಬ್ಬನಾಗಿ ಕೂರಲು ನನ್ನನ್ನು ಕೇಳಿದರು.

ಆ ಮಾತು ಅವರ ಬಾಯಲ್ಲಿ ಬರುವುದು ಮಾತ್ರೆ ಹಿಡಿದರೆ ಮಾತ್ರ ಎಂದು ಇಬ್ಬರಿಗೂ ಗೊತ್ತಿತ್ತು. ಮಂಗಳೂರಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ವಿವರಿಸಿದ್ದರು. ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವುದೇ ಈ ಕಾಯಿಲೆ. ಡೋಪಮಿನ್ನನ್ನೇ ಮಾತ್ರೆ ಮಾಡಿ ನುಂಗಿದರೆ ಉಪಯೋಗವಿಲ್ಲ, ಅದು ರಕ್ತದಿಂದ ಮೆದುಳಿಗೆ ದಾಟದು. ಲೆವೊಡೋಪ ದಾಟುತ್ತದೆ, ದಾಟಿದ ಮೇಲೆ ಅಲ್ಲಿ ಡೋಪಮಿನ್ ಆಗುತ್ತದೆ. ದಾರಿಯಲ್ಲೇ ಬದಲಾಗಿ ಹಾಳಾಗದಿರಲೆಂದು ಅದೇ ಮಾತ್ರೆಯಲ್ಲಿ ಕಾರ್ಬಿಡೋಪ ಎಂಬ ಇನ್ನೊಂದು ಮದ್ದು ಇರುತ್ತದೆ. ಕಾಯಿಲೆ ಇದರಿಂದ ಗುಣವಾಗುವುದಿಲ್ಲ, ಕೈಕಾಲು ಕೆಲವು ಗಂಟೆಗಳ ಮಟ್ಟಿಗೆ ಮತ್ತೆ ಸ್ವಾಧೀನಕ್ಕೆ ಬರುತ್ತವೆ. ವರ್ಷ ಕಳೆದಂತೆ ಆ ಗಂಟೆಗಳೂ ಕಡಿಮೆಯಾಗುತ್ತವೆ. ಭಾವನಿಗೆ ಆಗಲೇ ಕಡಿಮೆಯಾಗಿದ್ದವು.

ಇನ್ನೊಂದು ಮಾತನ್ನು ಡಾಕ್ಟರು ಎರಡು ಸಲ ಹೇಳಿದ್ದರು. ಮಾಂಸ, ಮೊಟ್ಟೆ, ಬೇಳೆಯ ಪ್ರೋಟೀನ್ ಕರಗಿದಾಗ ಬರುವ ಸತ್ವವೂ ಲೆವೊಡೋಪವೂ ಕರುಳನ್ನು ದಾಟುವುದು ಒಂದೇ ಬಾಗಿಲಿನಲ್ಲಿ. ಮೆದುಳಿನ ಹೊಸ್ತಿಲಲ್ಲೂ ಹಾಗೆಯೇ. ತುಂಬಿದ ಹೊಟ್ಟೆಗೆ ಮಾತ್ರೆ ಹಾಕಿದರೆ ಅದು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ಭಾವ ಊಟಕ್ಕೆ ಸಾಕಷ್ಟು ಮೊದಲು, ಬರೀ ನೀರಿನಲ್ಲಿ ನುಂಗುತ್ತಿದ್ದರು. ನಿಕಾಹ್‌ನ ದಿನಕ್ಕೂ ಹಾಗೆಯೇ ನಿಗದಿ ಮಾಡಿದ್ದೆವು. ಜನ ಬಂದು ಕೂರುವ ಹೊತ್ತಿಗೆ ಮಾತ್ರೆ, ಅದು ಹಿಡಿದ ಮೇಲೆ ನಿಕಾಹ್, ಆಮೇಲೆ ಊಟ.

ಅಂದು ಮಧ್ಯಾಹ್ನ ಮದುವೆ ಹಾಲ್‌ನ ಗೇಟಿನಲ್ಲಿ ಮೂಡುಬಿದಿರೆಯಿಂದ ಬಂದ ಮದುಮಗನ ಕಡೆಯವರನ್ನು ಒಳಗೆ ಕರೆಯುವ ಕೆಲಸ ನನಗಿತ್ತು. ಅದನ್ನು ಮುಗಿಸಿ ಭಾವ ಇದ್ದ ಪಕ್ಕದ ಕೋಣೆಗೆ ಹೋದೆ. ಅವರ ಎದುರು ಒಂದು ತಟ್ಟೆ ಇತ್ತು. ತಟ್ಟೆಯಲ್ಲಿ ಕೋಳಿಯ ಎಲುಬು, ಒಂದು ತುಂಡು ಪತ್ತಿರ್ ರೊಟ್ಟಿ. ಪಕ್ಕದಲ್ಲಿ ಕನ್ಯಾನದಿಂದ ಬಂದ ಅವರ ಅಕ್ಕ, ಸಣ್ಣವರಿದ್ದಾಗ ಅವರನ್ನು ಎತ್ತಿ ಆಡಿಸಿದ ದೊಡ್ಡಕ್ಕ, ಸೆರಗಿನಿಂದ ಅವರ ಬಾಯಿ ಒರೆಸುತ್ತಿದ್ದರು.

ಮಾತ್ರೆ ಎಲ್ಲಿ ಎಂದು ಕೇಳಿದೆ.

"ಕೊಟ್ಟಾಯ್ತು. ಬರೀ ಹೊಟ್ಟೆಗೆ ನುಂಗ್ಲಿಕ್ಕೆ ಹೊರಟಿದ್ದ, ಕರುಳು ಉರೀತದಲ್ಲ ಮಾರಾಯ. ಎರಡು ಮೊಟ್ಟೆಯೂ ತಿನ್ನಿಸಿದೆ, ಸ್ವಲ್ಪ ಬಲ ಬರಲಿ ಅಂತ."

ನಮ್ಮಲ್ಲಿ ಜ್ವರದ ಮಾತ್ರೆಯನ್ನೂ ಯಾರೂ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುವುದಿಲ್ಲ. ಅವರು ಮಾಡಿದ್ದರಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಭಾವ ಬೇಡವೆಂದು ಹೇಳಿಯೇ ಇರಬೇಕು, ಆ ಸ್ವರ ದೊಡ್ಡಕ್ಕನ ಕಿವಿಗೆ ತಲುಪಿರಲಿಲ್ಲ. ಭಾವ ನನ್ನನ್ನು ನೋಡಿದರು. ಬೆಳಗಿನ ಮಾತ್ರೆಯ ಬಲ ಇಳಿಯುತ್ತಿರುವುದು ಆಗಲೇ ಕಾಣುತ್ತಿತ್ತು. ತೊಡೆಯ ಮೇಲಿದ್ದ ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿತ್ತು.

ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಹಾಲ್ ತುಂಬಿತು. ಮದುಮಗ ವೇದಿಕೆಯ ಮೇಲೆ ಕುಳಿತ. ಉಸ್ತಾದರು ಕೋಣೆಯ ಬಾಗಿಲಿಗೆ ಬಂದು, ಪುಂಜಾಲಕಟ್ಟೆಯಲ್ಲಿ ಇನ್ನೊಂದು ನಿಕಾಹ್ ಇದೆ ಎಂದು ಮೆಲ್ಲಗೆ ಹೇಳಿದರು. ಮದುಮಗನ ತಂದೆ ಮರ್ಯಾದೆಯಿಂದಲೇ ವಕಾಲತ್ತಿನ ಮಾತು ತೆಗೆದರು. ಆಗ ಭಾವನನ್ನು ಎಬ್ಬಿಸಲು ನೋಡಿದೆ. ಪಾದಗಳು ನೆಲಕ್ಕೆ ಅಂಟಿದ್ದವು. ಇನ್ನೊಂದು ಮಾತ್ರೆ ಕೊಟ್ಟುಬಿಡಿ ಎಂದು ಹಿಂದಿನಿಂದ ಯಾರೋ ಅಂದರು, ದೊಡ್ಡಕ್ಕ ಮಾತ್ರೆಯ ಸ್ಟ್ರಿಪ್ಪಿಗೆ ಕೈ ಹಾಕಿದರು. ನಾನು ಅದನ್ನು ಜೇಬಿಗೆ ಹಾಕಿಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ಕೊಡಬೇಡಿ ಎಂದರು. ಮೊದಲನೆಯದು ಹೊಟ್ಟೆಯಲ್ಲೇ ನಿಂತಿರಬಹುದು, ಎರಡೂ ಒಟ್ಟಿಗೆ ಏರಿದರೆ ಮೈ ತಡೆಯಿಲ್ಲದೆ ಕುಣಿಯತೊಡಗುತ್ತದೆ, ವಾಂತಿಯೂ ಆಗಬಹುದು. ಕಾಯಿರಿ, ಬಲ ಬಂದೀತು. ಯಾವಾಗ ಎಂದು ಅವರು ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ.

ಬಾಗಿಲಲ್ಲಿ ನನ್ನ ಅಕ್ಕ ಬಂದು ನಿಂತಳು. ಮಗಳು ಅಪ್ಪನಿಗೆ ಹೇಳಿ ಕಳಿಸಿದ್ದಳಂತೆ: ಉಪ್ಪನಿಗೆ ಕಷ್ಟವಾಗುವುದಾದರೆ ಉಸ್ತಾದರೇ ಹೇಳಲಿ, ನನಗೆ ಬೇಸರ ಇಲ್ಲ. ಅದನ್ನು ಕೇಳಿ ಭಾವನ ತುಟಿ ಅಲುಗಿತು. ನಾನು ಬಗ್ಗಿ ಕಿವಿ ಕೊಟ್ಟೆ.

"ನನಗೆ ಉಂಟು," ಎಂದರು.

ಉಸ್ತಾದರಿಗೆ ಹಾಗೆಯೇ ತಿಳಿಸಿದೆ. ಅವರು ಗಡಿಯಾರ ನೋಡಿದರು, ಭಾವನನ್ನು ನೋಡಿದರು. ಪುಂಜಾಲಕಟ್ಟೆಯವರು ಸ್ವಲ್ಪ ಕಾಯಲಿ ಎಂದು ಅಲ್ಲೇ ಒಂದು ಕುರ್ಚಿಯಲ್ಲಿ ಕುಳಿತರು.

ಹೆಬ್ಬೆರಳಿನ ಉಜ್ಜಾಟ ಸ್ವಲ್ಪ ಸಡಿಲವಾದದ್ದನ್ನು ನಾನು ಮೊದಲು ನಂಬಲಿಲ್ಲ. ಆಮೇಲೆ ಅವರು ಒಂದು ಪಾದವನ್ನು ಮುಂದಕ್ಕೆ ಸರಿಸಿದರು. ಪೂರ್ತಿ ಬಂದಿರಲಿಲ್ಲ. ಇಷ್ಟೇ ಬರುವುದೋ, ಇನ್ನೂ ಬರುವುದೋ ಗೊತ್ತಿರಲಿಲ್ಲ. ಹೋಗುವ ಎಂದು ಕಣ್ಣಿನಲ್ಲೇ ಹೇಳಿದರು. ಇಬ್ಬರು ಹಿಡಿದು ಅವರನ್ನು ವೇದಿಕೆಗೆ ಕರೆದೊಯ್ದೆವು.

ಮದುಮಗನ ಕೈ ಅವರ ಕೈಯೊಳಗೆ ಬಂತು. ಎರಡು ಕೈಗಳೂ ಒಟ್ಟಿಗೆ ನಡುಗುತ್ತಿದ್ದವು. ಉಸ್ತಾದರು ಫ್ಯಾನ್‌ಗಳನ್ನು ನಿಲ್ಲಿಸಲು ಹೇಳಿದರು. ರೆಕ್ಕೆಗಳು ನಿಂತವು. ಉಸ್ತಾದರು ಹೇಳಿಕೊಟ್ಟಂತೆ ಭಾವ ವಾಕ್ಯ ಶುರು ಮಾಡಿದರು. ಮೊದಲ ಪದಗಳು ಕೇಳಿದವು. ಮಗಳ ಹೆಸರು ಕೇಳಿತು. ಅಲ್ಲಿಂದ ಮುಂದೆ ತುಟಿ ಆಡಿತು, ಸ್ವರ ಇರಲಿಲ್ಲ.

ಉಸ್ತಾದರು ಸಾಕ್ಷಿಗಳ ಕಡೆ ತಿರುಗಿದರು. ಇನ್ನೊಬ್ಬ ಸಾಕ್ಷಿ, ನನ್ನ ಆಚೆಗಿದ್ದ ಹಿರಿಯರು, ಕೇಳಿತು ಎಂದರು. ಅವರು ಭಾವನ ಬಾಯಿಗೆ ಹತ್ತಿರವಿದ್ದರು, ಕೇಳಿರಬಹುದು. ಈಗ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹೌದು ಎಂದರೆ ಮುಗಿಯುತ್ತಿತ್ತು. ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ, ಭಾವನ ಕಷ್ಟವೂ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಹಾಗೆ ಹೇಳಿದರೆ ಆ ವಾಕ್ಯದ ಉಳಿದ ಅರ್ಧವನ್ನು ಅವರ ಬದಲಿಗೆ ನಾನೇ ಹೇಳಿದಂತಾಗುತ್ತಿತ್ತು.

"ಕೊನೆಯದ್ದು ಕೇಳ್ಲಿಲ್ಲ," ಎಂದೆ.

ಕೆಳಗಿನಿಂದ ಒಂದು ಗುಜುಗುಜು ಎದ್ದಿತು. ಭಾವ ನನ್ನ ಕಡೆಗೆ ಕುತ್ತಿಗೆಯನ್ನು ತುಸು ತುಸುವೇ ತಿರುಗಿಸಿದರು, ಬಹಳ ಹೊತ್ತು ನೋಡಿದರು. ಆ ಮುಖದಲ್ಲಿ ಸಿಟ್ಟಿತ್ತೋ ಏನಿತ್ತೋ ಓದಲು ಆಗಲಿಲ್ಲ. ಆಮೇಲೆ ಮದುಮಗನ ಕಡೆ ತಿರುಗಿ, ಉಸ್ತಾದರು ಹೇಳಿಕೊಡುವುದಕ್ಕೂ ಕಾಯದೆ, ಮೊದಲಿನಿಂದ ಶುರು ಮಾಡಿದರು. ಪದ ಪದವಾಗಿ, ನಡುವೆ ಉಸಿರು ಎಳೆದುಕೊಂಡು. ಮಗಳ ಹೆಸರಿನ ಬಳಿ ನಿಂತರು. ಕೊನೆಯ ಪದ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಕೂತು ಹೊರಗಿನವರನ್ನು ಕರೆಯುವಷ್ಟು ಗಟ್ಟಿಯಾಗಿ ಬಂತು.

ಉಸ್ತಾದರು ಕೇಳುವ ಮೊದಲೇ ನಾನು ಕೇಳಿತು ಎಂದೆ. ಮದುಮಗ ಒಪ್ಪಿದ.

ಆಮೇಲೂ ಆ ಹಿಡಿತ ಬಿಡಲಿಲ್ಲ. ಬಿಡಲು ಭಾವನಿಗೆ ಬೆರಳು ಬರುತ್ತಿರಲಿಲ್ಲ. ಹುಡುಗ ಎಳೆಯದೆ ಹಾಗೆಯೇ ಕುಳಿತಿದ್ದ. ನಾನು ಹತ್ತಿರ ಹೋಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಗ ಭಾವ ನನಗೆ ಮಾತ್ರ ಕೇಳುವಂತೆ ಅಂದರು:

"ಡಾಕ್ಟರ ಹತ್ರ ಕೇಳು. ನಿನ್ನ ಕಿವಿಗೂ ಮಾತ್ರೆ ಉಂಟಾ ಅಂತ."